ಸುತ್ತಿ ಬಳಸದೆ ಕೇಳುವುದು ಹೇಗೆ? ‘ಇಲ್ಲ’ ಅನ್ನಿಸಿಕೊಳ್ಳಲು ಹೆದರುವವರಿಗೆ ಸಮಗ್ರ ಮಾರ್ಗದರ್ಶಿ

ಪರಿಚಯದವರೊಬ್ಬರು ಮನೆಗೆ ಬರುತ್ತಾರೆ. ಕಾಫಿ ಕುಡಿಯುತ್ತಾರೆ. ಮಳೆ, ಅಡಿಕೆ ರೇಟು, ಮಕ್ಕಳ ಪರೀಕ್ಷೆ ಎಲ್ಲ ಮಾತಾಗುತ್ತದೆ. “ಏನು ಸಮಾಚಾರ?” ಅಂದರೆ “ಏನಿಲ್ಲ, ಈ ಕಡೆ ಬಂದಿದ್ದೆ, ಸುಮ್ನೆ ನೋಡ್ಕೊಂಡು ಹೋಗೋಣ ಅಂತ” ಅನ್ನುತ್ತಾರೆ. ಮುಕ್ಕಾಲು ಗಂಟೆ ಕಳೆದ ಮೇಲೆ ಎದ್ದು ಹೊರಡುತ್ತಾರೆ. ಒಂದು ಕಾಲಿಗೆ ಚಪ್ಪಲಿ ಹಾಕಿ, ಇನ್ನೊಂದನ್ನು ಕಾಲಲ್ಲೇ ತಡಕಾಡುತ್ತಾ ಹೇಳುತ್ತಾರೆ: “ಅಲ್ಲಾ, ನಿಮ್ಮ ಆಫೀಸಲ್ಲಿ ನಮ್ಮ ಹುಡುಗನಿಗೆ ಏನಾದ್ರೂ...” ಮಾತು ಅಲ್ಲಿಗೇ ನಿಲ್ಲುತ್ತದೆ. ಈ ಕಡೆಯವರು “ನೋಡೋಣ ಬಿಡಿ, ಹೇಳ್ತೀನಿ” ಅನ್ನುತ್ತಾರೆ. ಅಲ್ಲಿಗೆ ಮುಗಿಯಿತು.

ಇಲ್ಲಿ ನಿಜವಾಗಿ ಯಾರೂ ಏನನ್ನೂ ಕೇಳಲಿಲ್ಲ. ಹುಡುಗ ಏನು ಓದಿದ್ದಾನೆ, ಎಂಥ ಕೆಲಸ ಬೇಕು, ಇವರಿಂದ ಆಗಬೇಕಾದ್ದೇನು, ಒಂದೂ ಹೊರಗೆ ಬರಲಿಲ್ಲ. ನಮ್ಮಲ್ಲಿ ಬಹಳ ಜನ ‘ಕೇಳಿದೆ, ಆಗಲಿಲ್ಲ’ ಅಂದುಕೊಂಡಿರುವ ಕೆಲಸಗಳ ಕತೆ ಇಷ್ಟೇ. ಸುಳಿವು ಕೊಟ್ಟಿರುತ್ತಾರೆ, ಕೇಳಿರುವುದಿಲ್ಲ. ಸುಳಿವಿಗೆ ಯಾರೂ ‘ಇಲ್ಲ’ ಅನ್ನಲಾರರು, ನಿಜ. ಆದರೆ ‘ಹೂಂ’ ಅನ್ನುವುದಕ್ಕೂ ಅದರಲ್ಲಿ ಜಾಗ ಇರುವುದಿಲ್ಲ. ಹಾಗಾಗಿ ಈ ಬರಹದಲ್ಲಿ ಧೈರ್ಯ ತುಂಬುವ ಮಾತಿಗಿಂತ ಕೇಳುವ ಕ್ರಮಕ್ಕೇ ಜಾಸ್ತಿ ಜಾಗ ಕೊಟ್ಟಿದ್ದೇನೆ. ಹೇಗೆ ಕೇಳಬೇಕು ಅನ್ನುವುದು ಕೈಗೆ ಹತ್ತಿದರೆ ಅರ್ಧ ಹೆದರಿಕೆ ತಾನಾಗೇ ಇಳಿಯುತ್ತದೆ.

ಈ ಹೆದರಿಕೆ ಎಷ್ಟು ನಿಜ?

ನೋವು ನಿಜ. 2003ರಲ್ಲಿ ನವೋಮಿ ಐಸೆನ್‌ಬರ್ಗರ್, ಮ್ಯಾಥ್ಯೂ ಲೀಬರ್‌ಮನ್ ಮತ್ತು ಕಿಪ್ಲಿಂಗ್ ವಿಲಿಯಮ್ಸ್ ಎಂಬ ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗ ಪ್ರಕಟಿಸಿದರು. ಜನರನ್ನು ಸ್ಕ್ಯಾನಿಂಗ್ ಯಂತ್ರದಲ್ಲಿ ಮಲಗಿಸಿ, ಕಂಪ್ಯೂಟರಿನಲ್ಲಿ ಚೆಂಡು ಎಸೆಯುವ ಆಟ ಆಡಿಸಿದರು. ಸ್ವಲ್ಪ ಹೊತ್ತಾದ ಮೇಲೆ ಆಟದ ಉಳಿದ ಇಬ್ಬರು ಇವರಿಗೆ ಚೆಂಡು ಎಸೆಯುವುದನ್ನೇ ಬಿಟ್ಟರು. ಅಷ್ಟಕ್ಕೇ, ಮೈಗೆ ನೋವಾದಾಗ ಚುರುಕಾಗುವ ಮಿದುಳಿನ ಒಂದು ಭಾಗ ಇಲ್ಲೂ ಚುರುಕಾಯಿತು. ಆದ್ದರಿಂದ ‘ಅದರಲ್ಲೇನಿದೆ, ಕೇಳಿಬಿಡು’ ಅನ್ನುವವರ ಮಾತಿಗೆ ಬೇಜಾರಾದರೆ ಅದು ನಿಮ್ಮ ದೌರ್ಬಲ್ಯವಲ್ಲ.

ಆದರೆ ನಾವು ಹಾಕುವ ಲೆಕ್ಕ ತಪ್ಪು. ಫ್ರಾಂಕ್ ಫ್ಲಿನ್ ಮತ್ತು ವನೆಸ್ಸಾ ಲೇಕ್ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಪರಿಚಿತರ ಬಳಿ ಹೋಗಿ ಒಂದು ಪ್ರಶ್ನಾವಳಿ ತುಂಬಿಸಿಕೊಂಡು ಬರಲು ಕೆಲವರನ್ನು ಕಳಿಸಿದರು. ಐದು ಜನ ಒಪ್ಪಬೇಕಾದರೆ ಎಷ್ಟು ಜನರನ್ನು ಕೇಳಬೇಕಾದೀತು ಅಂತ ಮೊದಲೇ ಅಂದಾಜು ಹೇಳಿಸಿದ್ದರು. ಸುಮಾರು 20 ಅಂದಿದ್ದರು. ಆಗಿದ್ದು ಸುಮಾರು 10ಕ್ಕೇ. ಕೇಳುವವರು ಎದುರಿನವರಿಗೆ ಆಗುವ ತೊಂದರೆಯನ್ನೇ ಎಣಿಸುತ್ತಾ ಕೂರುತ್ತಾರೆ. ಮುಖಕ್ಕೆ ಮುಖ ಕೊಟ್ಟು ‘ಆಗಲ್ಲ’ ಅನ್ನುವುದು ಎದುರಿನವರಿಗೂ ಎಷ್ಟು ಕಷ್ಟ ಅನ್ನುವುದು ಅವರ ತಲೆಗೆ ಬರುವುದಿಲ್ಲ. ಯಾರಾದರೂ ಬಂದು ನಿಮ್ಮನ್ನು ಸಹಾಯ ಕೇಳಿದಾಗ ನಿಮಗೆ ಏನನ್ನಿಸುತ್ತದೆ ನೆನಪಿಸಿಕೊಳ್ಳಿ. ‘ಏನು ಧೈರ್ಯ ಇವರಿಗೆ’ ಅಂತ ಅನ್ನಿಸುವುದು ತೀರಾ ಅಪರೂಪ, ಅಲ್ವಾ?

ಮೊದಲ ಹೆಜ್ಜೆ: ಬೇಕಾದ್ದನ್ನು ಒಂದೇ ವಾಕ್ಯದಲ್ಲಿ ಬರೆಯಿರಿ

ಪೆನ್ನು ತಗೊಂಡು ಕಾಗದದ ಮೇಲೇ ಬರೆಯಿರಿ. ಆ ವಾಕ್ಯದಲ್ಲಿ ಏನು, ಎಷ್ಟು, ಯಾವಾಗ ಅನ್ನುವ ಮೂರೂ ಇರಬೇಕು.

‘ಸಂಬಳ ಸ್ವಲ್ಪ ನೋಡಿ ಸರ್’ ಅನ್ನುವುದರಲ್ಲಿ ಎಷ್ಟು ಅಂತ ಇಲ್ಲ. ‘ಏಪ್ರಿಲ್‌ನಿಂದ 38 ಸಾವಿರ ಆಗಬೇಕು’ ಅನ್ನುವುದರಲ್ಲಿ ಇದೆ. ‘ಅಡ್ವಾನ್ಸ್ ಏನಾದ್ರೂ ಕಡಿಮೆ ಮಾಡ್ಕೊಳಿ’ ಅಂದರೆ ಮನೆ ಮಾಲೀಕರು ಐದು ಸಾವಿರ ಕಡಿಮೆ ಮಾಡಿ ಕೈ ತೊಳೆದುಕೊಳ್ಳಬಹುದು. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಕೇಳುವುದು, ಖಾಲಿ ಮಾಡುವಾಗ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಹಿಡಿಯುವುದು ಹಳೆಯ ರೂಢಿ. ರೂಢಿ ಅಷ್ಟೇ. ‘ಆರು ತಿಂಗಳ ಅಡ್ವಾನ್ಸ್ ಕೊಡ್ತೀನಿ, ಬಾಡಿಗೆ ಪ್ರತಿ ತಿಂಗಳು 3ನೇ ತಾರೀಕಿಗೆ ನಿಮ್ಮ ಅಕೌಂಟಿಗೆ ಬರುತ್ತೆ’ ಎಂದು ಕೇಳಿ ನೋಡಿ. ಎದುರಿನವರು ಈಗ ಯೋಚಿಸಬಹುದು, ಎಂಟು ಅನ್ನಬಹುದು, ಮಾತು ಮುಂದೆ ಸಾಗುತ್ತದೆ.

ವಾಕ್ಯ ಬರೆಯಲು ಕೂತಾಗ ಎಷ್ಟೋ ಜನರಿಗೆ ತಮಗೆ ಬೇಕಾದ್ದೇನು ಅಂತ ತಮಗೇ ಸರಿಯಾಗಿ ಗೊತ್ತಿಲ್ಲದ್ದು ಗೊತ್ತಾಗುತ್ತದೆ. ಹಾಗಾದರೆ ಅಲ್ಲೇ ನಿಲ್ಲಿ. ಅದು ಗೊತ್ತಾಗುವವರೆಗೆ ಯಾರ ಹತ್ತಿರವೂ ಹೋಗಬೇಡಿ.

ಎರಡನೇ ಹೆಜ್ಜೆ: ‘ಹೂಂ’ ಅನ್ನಬಲ್ಲವರು ಯಾರು?

ಇದು ಚಿಕ್ಕ ಹೆಜ್ಜೆ, ಆದರೆ ಇಲ್ಲೇ ಎಡವುವವರು ಜಾಸ್ತಿ. ಸಂಬಳ ನಿರ್ಧರಿಸುವ ಅಧಿಕಾರ ಇಲ್ಲದ ಟೀಮ್ ಲೀಡ್ ಹತ್ತಿರ ಸಂಬಳದ ಗೋಳು ತೋಡಿಕೊಂಡರೆ ಅವರೂ ತಮ್ಮ ಗೋಳು ಹೇಳುತ್ತಾರೆ. ಅಂಗಡಿಯ ಹುಡುಗನ ಜೊತೆ ಚೌಕಾಸಿ ಮಾಡಿದರೆ ಅವನು ಗಲ್ಲಾಪೆಟ್ಟಿಗೆಯ ಕಡೆ ನೋಡುತ್ತಾನೆ. ಕೊಡುವ ಅಧಿಕಾರ ಯಾರ ಕೈಯಲ್ಲಿದೆಯೋ ಅವರನ್ನೇ ಕೇಳಿ. ಅದು ಗೊತ್ತಿಲ್ಲದಿದ್ದರೆ ಮೊದಲ ಪ್ರಶ್ನೆ ಅದೇ ಆಗಲಿ: “ಇದನ್ನ ಯಾರು ತೀರ್ಮಾನ ಮಾಡೋದು?”

ಹೊತ್ತೂ ಮುಖ್ಯ. ಅಪ್ರೈಸಲ್ ಪತ್ರ ಕೈಗೆ ಬಂದ ಮೇಲೆ ಸಂಬಳ ಕೇಳಿದರೆ ಬಜೆಟ್ ಮುಗಿದಿರುತ್ತದೆ. ಏಪ್ರಿಲ್‌ಗೆ ಹೆಚ್ಚಿಸುವ ಕಂಪನಿಯಾದರೆ ಡಿಸೆಂಬರ್, ಜನವರಿಯಲ್ಲೇ ಮಾತೆತ್ತಬೇಕು.

ಮೂರನೇ ಹೆಜ್ಜೆ: ಕಾರಣ ಹೇಳಿ, ಕತೆ ಕಟ್ಟಬೇಡಿ

ಎಲೆನ್ ಲ್ಯಾಂಗರ್ ಮತ್ತು ಸಂಗಡಿಗರು 1978ರಲ್ಲಿ ಪ್ರಕಟಿಸಿದ ಪ್ರಯೋಗ ಪ್ರಸಿದ್ಧವಾದದ್ದು. ಜೆರಾಕ್ಸ್ ಯಂತ್ರದ ಮುಂದೆ ನಿಂತವರ ಹತ್ತಿರ ಹೋಗಿ ‘ನನ್ನದು ಐದು ಪುಟ ಇದೆ, ಮೊದಲು ಮಾಡಿಕೊಳ್ಳಲಾ?’ ಎಂದಷ್ಟೇ ಕೇಳಿದಾಗ ಶೇ. 60ರಷ್ಟು ಜನ ಬಿಟ್ಟುಕೊಟ್ಟರು. ‘ಅರ್ಜೆಂಟ್ ಇದೆ’ ಅಂತ ಸೇರಿಸಿದಾಗ ಶೇ. 94. ‘ಯಾಕಂದ್ರೆ ನಾನು ಕಾಪಿ ಮಾಡಬೇಕು’ ಅನ್ನುವ ಅರ್ಥವಿಲ್ಲದ ಕಾರಣಕ್ಕೂ ಶೇ. 93. ಈ ಕತೆ ಹೇಳುವವರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸಿ, ‘ಏನೋ ಒಂದು ಕಾರಣ ಹೇಳಿದರೆ ಸಾಕು’ ಅನ್ನುತ್ತಾರೆ. ಉಳಿದರ್ಧ ಇನ್ನೂ ಮುಖ್ಯ. ಐದರ ಬದಲು ಇಪ್ಪತ್ತು ಪುಟ ಅಂದಾಗ ಆ ಟೊಳ್ಳು ಕಾರಣ ಕೆಲಸ ಮಾಡಲಿಲ್ಲ. ಕಾರಣ ಹೇಳದಿದ್ದರೂ ಶೇ. 24, ಟೊಳ್ಳು ಕಾರಣಕ್ಕೂ ಶೇ. 24. ನಿಜವಾದ ಕಾರಣಕ್ಕೆ ಮಾತ್ರ ಶೇ. 42.

ಅಂದರೆ, ಕೇಳುವುದು ದೊಡ್ಡದಾದಷ್ಟೂ ಕಾರಣ ಗಟ್ಟಿಯಾಗಿರಬೇಕು. ಹಾಗಂತ ಇಲ್ಲದ ಕಾಯಿಲೆ, ಇಲ್ಲದ ಕಷ್ಟ ಹುಟ್ಟಿಸಲೇಬೇಡಿ. ನಮ್ಮ ಊರುಗಳಲ್ಲಿ ಅದು ಎರಡು ದಿನದಲ್ಲಿ ಹೊರಬೀಳುತ್ತದೆ. ಆಮೇಲೆ ನಿಜವಾದ ಕಷ್ಟಕ್ಕೂ ಯಾರೂ ನಂಬುವುದಿಲ್ಲ.

ನಾಲ್ಕನೇ ಹೆಜ್ಜೆ: ಸಣ್ಣದರಿಂದ ರೂಢಿ ಮಾಡಿಕೊಳ್ಳಿ

ಆಲ್ಬರ್ಟ್ ಎಲ್ಲಿಸ್ ಅಮೆರಿಕದ ಹೆಸರಾಂತ ಮನೋಚಿಕಿತ್ಸಕ. ಹತ್ತೊಂಬತ್ತರ ವಯಸ್ಸಿನಲ್ಲಿ ಅವರಿಗೆ ಹೆಣ್ಣುಮಕ್ಕಳ ಜೊತೆ ಮಾತಾಡಲು ಭಾರೀ ಭಯವಿತ್ತು. ನ್ಯೂಯಾರ್ಕಿನ ಬ್ರಾಂಕ್ಸ್ ಸಸ್ಯೋದ್ಯಾನಕ್ಕೆ ಒಂದು ತಿಂಗಳು ಹೋಗಿ 130 ಜನರನ್ನು ಮಾತಾಡಿಸಲು ನೋಡಿದೆ ಅಂತ ಅವರೇ ಹೇಳಿಕೊಂಡಿದ್ದಾರೆ. ಮೂವತ್ತು ಜನ ತಕ್ಷಣ ಎದ್ದು ಹೋದರಂತೆ. ಉಳಿದ ನೂರು ಜನ ಮಾತಾಡಿದರು. ಒಬ್ಬಳು ಮತ್ತೆ ಸಿಗಲು ಒಪ್ಪಿದಳು, ಆದರೆ ಬರಲಿಲ್ಲ. ಅವರು ಬಯಸಿದ್ದು ಸಿಗಲಿಲ್ಲ, ಭಯ ಮಾತ್ರ ಹೋಯಿತು. ಹೆದರಿದ್ದನ್ನೇ ಮತ್ತೆ ಮತ್ತೆ ಮಾಡಿದಾಗ ಮೈ ಅದಕ್ಕೆ ಒಗ್ಗಿಕೊಳ್ಳುತ್ತದೆ. ಇಂದಿನ ಮನೋಚಿಕಿತ್ಸೆಯಲ್ಲೂ ಭಯಕ್ಕೆ ಇದೇ ದಾರಿಯನ್ನು ಹಂತಹಂತವಾಗಿ ಬಳಸುತ್ತಾರೆ.

ಕ್ರಮವನ್ನು ಮಾತ್ರ ತೆಗೆದುಕೊಳ್ಳಿ. ಒಬ್ಬಳೇ ಕೂತಿರುವ ಅಪರಿಚಿತ ಹೆಣ್ಣುಮಗಳ ಮೇಲೆ ಅಭ್ಯಾಸ ಮಾಡುವುದು ಬೇಡ. ಅವಳ ನೆಮ್ಮದಿ ನಿಮ್ಮ ಪ್ರಯೋಗಶಾಲೆ ಅಲ್ಲ. ಹಾಗೆಯೇ, ಎದುರು ಮಾತಾಡಲಾಗದವರನ್ನು, ಅಂದರೆ ಹೋಟೆಲ್ ಸಪ್ಲೈಯರ್, ಡೆಲಿವರಿ ಹುಡುಗ, ಮನೆಗೆಲಸದವರನ್ನು ವಿಚಿತ್ರ ಬೇಡಿಕೆಗಳಿಂದ ಕಾಡಬೇಡಿ.

ಹಾಗಾದರೆ ಏನು ಕೇಳುವುದು? ನಿಮಗೆ ನಿಜವಾಗಿ ಬೇಕಾದ್ದನ್ನೇ, ಸಣ್ಣದರಿಂದ ದೊಡ್ಡದಕ್ಕೆ. ಮೊದಲ ವಾರ: ತರಕಾರಿ ಅಂಗಡಿಯಲ್ಲಿ ಜೊತೆಗೆ ಕರಿಬೇವು ಹಾಕಿ ಅನ್ನುವುದು, ಬಸ್ಸಿನಲ್ಲಿ ಕಿಟಕಿ ಸ್ವಲ್ಪ ಮುಚ್ಚಿ ಅನ್ನುವುದು, ಟಿಕೆಟ್ ಹಿಂದೆ ಬರೆದ ಚಿಲ್ಲರೆಯನ್ನು ಇಳಿಯುವ ಮೊದಲು ಕಂಡಕ್ಟರ್ ಹತ್ತಿರ ಕೇಳಿ ಪಡೆಯುವುದು. ಆಮೇಲೆ ರೈಲಿನಲ್ಲಿ ಅಮ್ಮನಿಗೆ ಲೋವರ್ ಬರ್ತ್ ಬಿಟ್ಟುಕೊಡಲು ಕೇಳುವುದು, ಬಟ್ಟೆ ಅಂಗಡಿಯಲ್ಲಿ ಬದಲಾಯಿಸಿಕೊಡಲು ಕೇಳುವುದು. ಅದಾದ ಮೇಲೆ ಸ್ನೇಹಿತರಿಗೆ ಕೊಟ್ಟ ವಸ್ತು ವಾಪಸ್ ಕೇಳುವುದು, ಮೀಟಿಂಗಿನಲ್ಲಿ ‘ನನಗೆ ಅರ್ಥ ಆಗಲಿಲ್ಲ, ಇನ್ನೊಮ್ಮೆ ಹೇಳಿ’ ಅನ್ನುವುದು. ಕೊನೆಯದು ಕೆಲವರಿಗೆ ಸಂಬಳ ಕೇಳುವುದಕ್ಕಿಂತ ಕಷ್ಟ.

ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ಸಲ ಎರಡು ಸಾಲು ಬರೆಯಿರಿ. ಕೇಳುವ ಮೊದಲು: ‘ಏನಾಗುತ್ತೆ ಅಂದುಕೊಂಡಿದ್ದೇನೆ’. ಕೇಳಿದ ಮೇಲೆ: ‘ಏನಾಯಿತು’. ಮೊದಲ ಸಾಲನ್ನು ಕಡ್ಡಾಯವಾಗಿ ಮುಂಚೆಯೇ ಬರೆಯಬೇಕು. ಇಲ್ಲದಿದ್ದರೆ ಮನಸ್ಸು ಆಮೇಲೆ ‘ನನಗೆ ಮೊದಲೇ ಗೊತ್ತಿತ್ತು’ ಅನ್ನುತ್ತದೆ.

ಐದನೇ ಹೆಜ್ಜೆ: ಎದುರು ಕೂತು ಕೇಳಿ, ಕೇಳಿದ ಮೇಲೆ ಸುಮ್ಮನಿರಿ

ಹೆದರುವವರಿಗೆ ವಾಟ್ಸಾಪ್, ಇಮೇಲ್ ಇಷ್ಟ. ಮುಖ ನೋಡಬೇಕಿಲ್ಲ. ಆದರೆ ಮಹ್ದಿ ರೋಘನಿಜಾದ್ ಮತ್ತು ವನೆಸ್ಸಾ ಬಾನ್ಸ್ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಪರಿಚಿತರನ್ನು ಎದುರಾಗಿ ಕೇಳಿದ್ದು ಇಮೇಲ್‌ಗಿಂತ 34 ಪಟ್ಟು ಹೆಚ್ಚು ಫಲ ಕೊಟ್ಟಿತು. ಪರಿಚಿತರ ನಡುವೆ ಇಷ್ಟು ಅಂತರ ಇರಬೇಕೆಂದಿಲ್ಲ. ಆದರೂ ದೊಡ್ಡ ವಿಷಯವನ್ನು ಎದುರು ಕೂತು ಕೇಳಿ, ಆಮೇಲೆ ಬರಹದಲ್ಲಿ ದೃಢಪಡಿಸಿಕೊಳ್ಳಿ.

ಸಂಬಳದ ಮಾತು ಹೀಗೆ ಹೋಗಬಹುದು. ಮೊದಲು ಸಮಯ ಕೇಳಿ: “ಮೇಡಂ, ನನ್ನ ಸಂಬಳದ ವಿಷಯವಾಗಿ ಹದಿನೈದು ನಿಮಿಷ ಮಾತಾಡಬೇಕಿತ್ತು. ಗುರುವಾರ ಆಗುತ್ತಾ?” ವಿಷಯ ಏನು ಅಂತ ಮುಂಚೆಯೇ ಹೇಳುವುದು ಒಳ್ಳೆಯದು. ಅವರೂ ತಯಾರಾಗಿ ಬರುತ್ತಾರೆ, ನಿಮಗೂ ಹಿಂದೆ ಸರಿಯಲು ದಾರಿ ಇರುವುದಿಲ್ಲ. ಗುರುವಾರ: “ಹೋದ ವರ್ಷ ನಾನು ಮೈಸೂರು ಬ್ರಾಂಚ್ ಒಂದನ್ನೇ ನೋಡ್ಕೊಳ್ತಿದ್ದೆ. ಜೂನ್‌ನಿಂದ ಹಾಸನ, ಮಂಡ್ಯ ಎರಡೂ ಸೇರಿವೆ. ಸಂಬಳ 32 ಸಾವಿರದಲ್ಲೇ ಇದೆ. ಏಪ್ರಿಲ್‌ನಿಂದ 38 ಸಾವಿರ ಮಾಡಿಕೊಡಬೇಕು ಅಂತ ಕೇಳ್ತಿದ್ದೀನಿ.”

ಈಗ ಸುಮ್ಮನಿರಿ. ಬಹಳ ಜನ ಸೋಲುವುದು ಈ ನಾಲ್ಕೈದು ಸೆಕೆಂಡಿನಲ್ಲಿ. ಮೇಡಂ ಪೆನ್ನು ತಿರುಗಿಸುತ್ತಾ ಯೋಚಿಸುತ್ತಿರುತ್ತಾರೆ, ಅಷ್ಟರಲ್ಲಿ ನಮ್ಮ ಬಾಯಿಂದ “ಆಗ್ಲಿಲ್ಲ ಅಂದ್ರೂ ಪರವಾಗಿಲ್ಲ ಮೇಡಂ, 34 ಆದ್ರೂ ಓಕೆ” ಅಂತ ಹೊರಟುಬಿಡುತ್ತದೆ. ಅವರು ಇಲ್ಲ ಅನ್ನುವ ಮೊದಲೇ ಅವರ ಪರವಾಗಿ ನಾವೇ ಇಲ್ಲ ಅಂದೆವು. ನಾಲಿಗೆ ತಡೆಯಲು ಆಗದಿದ್ದರೆ ಒಂದು ನೀರಿನ ಬಾಟಲಿ ತಗೊಂಡು ಹೋಗಿ. ವಾಕ್ಯ ಮುಗಿದ ತಕ್ಷಣ ಒಂದು ಗುಟುಕು ಕುಡಿಯಿರಿ.

ಕೈಸಾಲ ವಾಪಸ್ ಕೇಳುವುದು

ಇದಕ್ಕೆ ಬೇರೆ ಜಾಗ ಕೊಡಲೇಬೇಕು. ನಮ್ಮವರಿಗೆ ಇದಕ್ಕಿಂತ ಕಷ್ಟದ ಮಾತು ಇನ್ನೊಂದಿಲ್ಲ. ಕೊಟ್ಟವರು ಮುಖ ತಪ್ಪಿಸಿಕೊಂಡು ಓಡಾಡುತ್ತಾರೆ, ತಗೊಂಡವರು ಆರಾಮಾಗಿರುತ್ತಾರೆ. ಮದುವೆ ಮನೆಯಲ್ಲಿ ಎದುರಾದಾಗ ‘ಈಗ ಕೇಳಿದರೆ ಏನಂದುಕೊಳ್ತಾರೋ’ ಅನ್ನುವ ಚಿಂತೆ ಕೊಟ್ಟವರದ್ದೇ.

ಚಿಕ್ಕಪ್ಪನ ಮಗನಿಗೆ ಬೋರ್‌ವೆಲ್ ಮೋಟರಿಗೆ ಅಂತ 40 ಸಾವಿರ ಕೊಟ್ಟಿದ್ದೀರಿ ಅಂದುಕೊಳ್ಳಿ. ಮನೆಯವರೆಲ್ಲ ಇರುವಾಗ ಕೇಳಬೇಡಿ. ಅವನೊಬ್ಬನೇ ಸಿಕ್ಕಾಗ, ಆರಂಭದಲ್ಲೇ ಹೇಳಿ: “ಅಣ್ಣಾ, ಒಂದು ವಿಷಯ. ಮೋಟರ್ ಹಾಕಿಸುವಾಗ 40 ಸಾವಿರ ಕೊಟ್ಟಿದ್ದೆನಲ್ಲ, ಅದು ಈಗ ಬೇಕಾಗಿದೆ. ಮಗಳ ಕಾಲೇಜು ಫೀಸು ಜೂನ್ 10ರೊಳಗೆ ಕಟ್ಟಬೇಕು. ಪೂರ್ತಿ ಒಟ್ಟಿಗೆ ಆಗಲ್ಲ ಅಂದ್ರೆ ಈ ತಿಂಗಳು ಎಷ್ಟು ಆಗುತ್ತೆ, ಉಳಿದದ್ದು ಯಾವಾಗ ಅಂತ ಹೇಳು.” ‘ಕೊಡ್ತೀಯಾ ಇಲ್ವಾ’ ಅಂತ ಇಲ್ಲಿ ಕೇಳಿಲ್ಲ. ಕೊಡುವುದು ಖಚಿತ, ಹೇಗೆ ಅನ್ನುವುದಷ್ಟೇ ಮಾತು. ಅವನ ಮರ್ಯಾದೆಯೂ ಉಳಿಯಿತು.

ಸಂಕೋಚಪಟ್ಟು ವರ್ಷಗಟ್ಟಲೆ ಕಾಯುವವರು ಇನ್ನೊಂದು ತಿಳಿದಿರಲಿ. 1963ರ ಕಾಲಮಿತಿ ಕಾಯ್ದೆಯ ಪ್ರಕಾರ ಸಾಲ ವಸೂಲಿಗೆ ದಾವೆ ಹೂಡಲು ಸಾಮಾನ್ಯವಾಗಿ 3 ವರ್ಷದ ಗಡುವಿದೆ. ಆ ಗಡುವಿನೊಳಗೆ ಸಾಲಗಾರ ‘ಇಷ್ಟು ಕೊಡಬೇಕಾಗಿದೆ’ ಅಂತ ಬರೆದು ಸಹಿ ಮಾಡಿದರೆ ಲೆಕ್ಕ ಅಲ್ಲಿಂದ ಹೊಸದಾಗಿ ಶುರುವಾಗುತ್ತದೆ. ನೆಂಟರ ಮೇಲೆ ಕೋರ್ಟಿಗೆ ಹೋಗಿ ಅಂತ ನಾನು ಹೇಳುತ್ತಿಲ್ಲ. ಸುಮ್ಮನೆ ಕೂತರೆ ಕೇಳುವ ಹಕ್ಕೂ ಸವೆಯುತ್ತದೆ ಅನ್ನುವುದು ಗೊತ್ತಿರಲಿ.

‘ನೋಡೋಣ’ ಅಂದರೆ ಏನು ಮಾಡುವುದು?

ನಮ್ಮಲ್ಲಿ ‘ಇಲ್ಲ’ ಅಂತ ನೇರವಾಗಿ ಅನ್ನುವವರು ಕಡಿಮೆ. ‘ನೋಡೋಣ’, ‘ಹೇಳ್ತೀನಿ’, ‘ಹಬ್ಬ ಆಗ್ಲಿ’ ಅನ್ನುತ್ತಾರೆ. ಕೇಳಿದವರು ಇದನ್ನು ಹೂಂ ಅಂದುಕೊಂಡು ತಿಂಗಳುಗಟ್ಟಲೆ ಕಾಯುತ್ತಾರೆ, ಅಥವಾ ಇಲ್ಲ ಅಂದುಕೊಂಡು ಕೈಬಿಡುತ್ತಾರೆ. ಎರಡೂ ಬೇಡ. ಅಲ್ಲೇ ಒಂದು ತಾರೀಕು ಕೇಳಿ: “ಆಗ್ಲಿ ಸರ್, ಮುಂದಿನ ಸೋಮವಾರ ಒಂದ್ಸಲ ಬಂದು ವಿಚಾರಿಸ್ಲಾ?” ಅವರು ಸೋಮವಾರ ಅಂದರೆ ದಾರಿ ತೆರೆದಿದೆ. ‘ಅಯ್ಯೋ, ನಾನೇ ಹೇಳ್ತೀನಿ ಬಿಡಿ’ ಅಂದರೆ ಬಹುಮಟ್ಟಿಗೆ ಇಲ್ಲ ಅಂತಲೇ. ಆಗ ಅವರಿಗೆ ಸುಲಭ ಮಾಡಿಕೊಡಿ: “ಕಷ್ಟ ಇದ್ರೆ ಹೇಳಿಬಿಡಿ, ಬೇಜಾರಿಲ್ಲ. ನಾನು ಬೇರೆ ಕಡೆ ಪ್ರಯತ್ನ ಮಾಡ್ತೀನಿ.” ಸ್ಪಷ್ಟವಾದ ಇಲ್ಲ, ಜೋತಾಡುವ ನೋಡೋಣಕ್ಕಿಂತ ಎಷ್ಟೋ ವಾಸಿ.

ಆರನೇ ಹೆಜ್ಜೆ: ‘ಇಲ್ಲ’ ಬಂದ ಮೇಲೆ ಒಂದು ನಿಮಿಷ ನಿಲ್ಲಿ

ಜಿಯಾ ಜಿಯಾಂಗ್ ಎಂಬವರು 2012ರಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ನೂರು ದಿನ ಬೇಕೆಂದೇ ತಿರಸ್ಕಾರ ಹುಡುಕಿಕೊಂಡು ಹೊರಟರು. ಮೊದಲ ದಿನ ಒಬ್ಬ ಸೆಕ್ಯೂರಿಟಿ ಗಾರ್ಡ್ ಹತ್ತಿರ ಹೋಗಿ ನೂರು ಡಾಲರ್ ಸಾಲ ಕೇಳಿದರು. ಗಾರ್ಡ್ ‘ಇಲ್ಲ, ಯಾಕೆ?’ ಅಂದ. ಇವರು ಸಾರಿ ಅಂತ ಓಡಿಬಂದರು. ರಾತ್ರಿ ತಾವೇ ಚಿತ್ರಿಸಿಕೊಂಡಿದ್ದ ವಿಡಿಯೋ ನೋಡುವಾಗ ಗೊತ್ತಾಯಿತು: ಅವನು ‘ಯಾಕೆ’ ಅಂತ ಕೇಳಿದ್ದ. ಮಾತಿಗೆ ಬಾಗಿಲು ತೆರೆದಿತ್ತು, ಇವರೇ ಓಡಿದ್ದರು.

ನೀವು ಓಡಬೇಡಿ. ಮೂರು ಥರದ ಇಲ್ಲಗಳಿವೆ. ‘ಈಗ ಆಗಲ್ಲ’ ಅಂದರೆ ಯಾವಾಗ ಅಂತ ಕೇಳಿ. ‘ನನ್ನ ಕೈಯಲ್ಲಿಲ್ಲ’ ಅಂದರೆ ಯಾರ ಕೈಯಲ್ಲಿದೆ ಅಂತ ಕೇಳಿ. ‘ಇಷ್ಟು ಆಗಲ್ಲ’ ಅಂದರೆ ಎಷ್ಟು ಆಗುತ್ತದೆ ಅಂತ ಕೇಳಿ. ಒಂದೇ ಪ್ರಶ್ನೆ, ಒಂದೇ ಸಲ.

ನಾಲ್ಕನೆಯದು ‘ಬೇಡ’. ಅದಕ್ಕೆ ಪ್ರಶ್ನೆ ಇಲ್ಲ. ಪ್ರೀತಿ, ಮದುವೆಯ ಮಾತಿನಲ್ಲಿ ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ಅವಳು ಅಥವಾ ಅವನು ಬೇಡ ಅಂದ ಮೇಲೆ ಹಿಂದೆ ಬೀಳುವುದು, ಗೆಳೆಯರನ್ನು ಕಳಿಸುವುದು, ಮನೆಯ ಮುಂದೆ ಬೈಕ್ ನಿಲ್ಲಿಸುವುದು ಧೈರ್ಯವಲ್ಲ, ಹಿಂಸೆ. ಬೆನ್ನು ಬಿಡದವನೇ ಕೊನೆಗೆ ಗೆಲ್ಲುತ್ತಾನೆ ಅಂತ ಸಿನಿಮಾಗಳು ತಲೆಮಾರುಗಳಿಂದ ಹೇಳಿಕೊಟ್ಟಿವೆ. ಅದು ತಪ್ಪು ಪಾಠ. “ಹೇಳಿದ್ದಕ್ಕೆ ಥ್ಯಾಂಕ್ಸ್, ಇನ್ನು ಈ ಮಾತು ಎತ್ತಲ್ಲ” ಅಂತ ಹೇಳಿ, ಹಾಗೇ ನಡೆದುಕೊಳ್ಳಿ.

ಹಕ್ಕಿನದ್ದನ್ನು ಉಪಕಾರದ ಥರ ಕೇಳಬೇಡಿ

ತಾಲೂಕು ಕಚೇರಿಯ ಮುಂದೆ ಕೈ ಕಟ್ಟಿ ನಿಂತು ‘ಸಾರ್, ಸ್ವಲ್ಪ ಮನಸ್ಸು ಮಾಡಿ’ ಅನ್ನುವ ಹಿರಿಯರನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಜಾತಿ, ಆದಾಯ ಪ್ರಮಾಣಪತ್ರದಂಥ ಸೇವೆಗಳು ‘ಸಕಾಲ’ದ ಅಡಿ ಬರುತ್ತವೆ. 2011ರ ಕಾಯ್ದೆ, 2012ರ ಏಪ್ರಿಲ್‌ನಿಂದ ರಾಜ್ಯದೆಲ್ಲೆಡೆ ಜಾರಿ. ಪ್ರತಿ ಸೇವೆಗೂ ಇಷ್ಟು ದಿನ ಅಂತ ಗಡುವಿದೆ. ಅರ್ಜಿ ಕೊಟ್ಟಾಗ ಸಕಾಲ ಸಂಖ್ಯೆ ಇರುವ ಸ್ವೀಕೃತಿ ಕೊಡಬೇಕು. ತಡವಾದರೆ ದಿನಕ್ಕೆ 20 ರೂಪಾಯಿ, ಗರಿಷ್ಠ 500 ರೂಪಾಯಿ ಪರಿಹಾರಕ್ಕೆ ಅವಕಾಶವಿದೆ. ಮೊತ್ತ ಚಿಕ್ಕದು, ಆದರೆ ಮಾತಿನ ಧಾಟಿ ಬದಲಾಗಲು ಸಾಕು: “ಸರ್, ಸಕಾಲ ನಂಬರ್ ಇದು. ನಿನ್ನೆಗೆ ದಿನ ಮುಗೀತು. ಎಲ್ಲಿ ನಿಂತಿದೆ ಹೇಳ್ತೀರಾ?” ಮಾಹಿತಿ ಬೇಕಾದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕದ ಅರ್ಜಿ, ಸಾಮಾನ್ಯವಾಗಿ 30 ದಿನದಲ್ಲಿ ಉತ್ತರ. ಇಲ್ಲಿ ಮರ್ಯಾದೆಯ ಮಾತು ಸಾಕು, ಬೇಡುವ ಮಾತು ಬೇಕಿಲ್ಲ.

ಮತ್ತೆ ಮತ್ತೆ ‘ಇಲ್ಲ’ ಕೇಳಿದವರಿಗೆ

ಎಲ್ಲರ ಹೆದರಿಕೆಯೂ ಒಂದೇ ಅಲ್ಲ. ಹೆಸರು ಕೇಳಿ, ಊರು ಕೇಳಿ, ‘ನಾನ್‌ವೆಜ್ ತಿಂತೀರಾ’ ಅಂತ ಕೇಳಿ, ಆಮೇಲೆ ‘ಮನೆ ಆಗಲೇ ಕೊಟ್ಟಾಯ್ತು’ ಅನ್ನಿಸಿಕೊಂಡವರಿಗೆ ಬಾಡಿಗೆ ಮನೆ ಕೇಳಲು ಭಯವಾದರೆ ಅದು ಕಲ್ಪನೆ ಅಲ್ಲ, ಅನುಭವ. ಆಫೀಸಿನಲ್ಲಿ ಖಡಕ್ಕಾಗಿ ಸಂಬಳ ಕೇಳಿದ ಗಂಡಸು ಚುರುಕು ಅನ್ನಿಸಿಕೊಂಡರೆ, ಹೆಂಗಸು ಜೋರು ಅನ್ನಿಸಿಕೊಳ್ಳುತ್ತಾಳೆ. ಇವರಿಗೆ ‘ಧೈರ್ಯ ಮಾಡಿ’ ಅನ್ನುವುದು ಅನ್ಯಾಯ. ಅಲ್ಲಿ ತಪ್ಪು ಇರುವುದು ಎದುರಿನವರಲ್ಲಿ.

ಆದರೆ ಪೆಟ್ಟು ಕಡಿಮೆ ಮಾಡಿಕೊಳ್ಳುವ ದಾರಿಗಳಿವೆ. ಒಬ್ಬರನ್ನೇ ನಂಬಿ ಕೂರಬೇಡಿ, ಒಟ್ಟಿಗೆ ನಾಲ್ಕೈದು ಕಡೆ ಕೇಳಿ. ಮನೆ ನೋಡಲು ಹೋಗುವ ಮೊದಲು ಫೋನಿನಲ್ಲೇ ನೀವಾಗಿ ಹೇಳಿ, ‘ನಾವು ಇಂಥವರು, ಇಷ್ಟು ಜನ, ತೊಂದರೆ ಇಲ್ಲ ತಾನೆ?’ ಅಂತ. ಹೀಗೆ ಹೇಳಬೇಕಾಗಿರುವುದೇ ಅವಮಾನ, ಒಪ್ಪುತ್ತೇನೆ. ಹತ್ತು ಮೆಟ್ಟಿಲು ಹತ್ತಿ ಇಳಿಯುವ ಅವಮಾನ ಆದರೂ ತಪ್ಪುತ್ತದೆ. ಆ ಬಡಾವಣೆಯಲ್ಲಿ ಈಗಾಗಲೇ ಇರುವ ಪರಿಚಿತರ ಮೂಲಕ ಕೇಳಿಸಿ. ಸಂಬಳದ ವಿಷಯದಲ್ಲಿ ಅದೇ ಕೆಲಸ ಮಾಡುವ ಜೊತೆಗಾರರು ಎಷ್ಟು ಪಡೆಯುತ್ತಿದ್ದಾರೆ ಅಂತ ಅವರನ್ನೇ ಕೇಳಿ ತಿಳಿದುಕೊಳ್ಳಿ. ಮಾತಿನಲ್ಲಿ ಒಪ್ಪಿದ್ದನ್ನು ಅದೇ ದಿನ ಸಂಜೆ ಎರಡು ಸಾಲಿನ ಇಮೇಲ್ ಮಾಡಿ: ‘ಇವತ್ತು ಮಾತಾಡಿದ ಹಾಗೆ, ಏಪ್ರಿಲ್‌ನಿಂದ ಇಷ್ಟು ಅಂತ ಹೇಳಿದ್ದೀರಿ. ತಪ್ಪಿದ್ದರೆ ತಿಳಿಸಿ.’